ಮಾವ ತೆರೆದ ಸುಕನ್ಯಾ ಖಾತೆ ನನ್ನ ಮೊಬೈಲಿಗೆ ಬರುವುದು ಹೇಗೆ?

ಮೂರನೇ_ಮಹಡಿ · 2 ಮಾರ್ಚ್ 2025, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕತೆ, ಬೇಜಾರು ಮಾಡ್ಕೋಬೇಡಿ.

ಮಗಳು ಮೂರು ವರ್ಷದವಳಿದ್ದಾಗ, 2016ರ ಜೂನ್‌ನಲ್ಲಿ, ನಮ್ಮ ಮಾವ ಊರಿನ ಅಂಚೆ ಕಚೇರಿಯಲ್ಲಿ ಅವಳ ಹೆಸರಿಗೆ ಸುಕನ್ಯಾ ಸಮೃದ್ಧಿ ಖಾತೆ (ಹೆಣ್ಣುಮಕ್ಕಳಿಗಾಗಿ ಇರೋ ಸರ್ಕಾರಿ ಉಳಿತಾಯ ಖಾತೆ) ಮಾಡಿಸಿದ್ದರು. ಆಮೇಲೆ ಪ್ರತಿ ವರ್ಷ ಯುಗಾದಿ ಮುಗಿದ ಮೇಲೆ ಹೋಗಿ 5,000 ಕಟ್ಟಿ ಬರೋರು. "ಹೊಸ ವರ್ಷ, ಹೊಸ ಕಂತು" ಅನ್ನೋದು ಅವರ ಲೆಕ್ಕ. ಈಗ ಮಂಡಿ ನೋವು, ಹೋಗೋಕೆ ಆಗಲ್ಲ. ಹೋದ ವಾರ ಪಾಸ್‌ಬುಕ್ ನನ್ನ ಕೈಗೆ ಕೊಟ್ಟು "ಇನ್ಮೇಲೆ ನೀನೇ ನೋಡ್ಕೊಳಮ್ಮ, ನಿಮ್ಮದೆಲ್ಲ ಮೊಬೈಲಲ್ಲೇ ಆಗುತ್ತಲ್ಲ" ಅಂದ್ರು.

ಮೊಬೈಲಲ್ಲಿ ಆಗ್ತಾ ಇಲ್ಲ. ಬ್ಯಾಲೆನ್ಸ್ ನೋಡೋಣ ಅಂದ್ರೆ ಓಟಿಪಿ ಹೋಗೋದು ಮಾವನ ಕೀಪ್ಯಾಡ್ ಫೋನಿಗೆ. ಅವರಿಗೆ ಅದನ್ನು ಓದಿ ಹೇಳೋ ಅಷ್ಟರಲ್ಲಿ ಸಮಯ ಮುಗಿದಿರುತ್ತೆ. ಪಾಸ್‌ಬುಕ್‌ನಲ್ಲಿ ಕೊನೆಯ ಎಂಟ್ರಿ 2023ರ ಮಾರ್ಚ್‌ನದು. ಆಮೇಲೂ ಕಟ್ಟಿದೀನಿ, ಪ್ರಿಂಟ್ ಹಾಕಿಸಿಲ್ಲ ಅಷ್ಟೇ ಅಂತಾರೆ ಮಾವ. ಹಾಗಾದ್ರೆ ಎರಡು ವರ್ಷ ತಪ್ಪಿದೆಯಾ, ಇಲ್ವಾ?

ಇದನ್ನು ಆನ್‌ಲೈನ್ ಮಾಡ್ಕೊಂಡು 2034ರವರೆಗೆ, ಅಂದ್ರೆ ಅವಳಿಗೆ 21 ಆಗುವವರೆಗೆ, ನಾನೇ ನಡೆಸ್ಕೊಂಡು ಹೋಗೋದು ಹೇಗೆ? ಗೊತ್ತಿರೋರು ಹೇಳಿ.

ಸಂಬಳದ_ಹಿಂದೆ · 2 ಮಾರ್ಚ್, ರಾತ್ರಿ 11:05

ಸುಲಭ. ಐಪಿಪಿಬಿ, ಅಂದ್ರೆ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್, ಅದರಲ್ಲಿ ಖಾತೆ ಮಾಡ್ಕೊಳಿ. ಆ್ಯಪ್‌ನಲ್ಲಿ ಅಂಚೆ ಇಲಾಖೆಯ ಸೇವೆಗಳು ಅಂತ ಇರುತ್ತೆ, ಅದರೊಳಗೆ ಸುಕನ್ಯಾ. ಮಗಳ ಖಾತೆ ಸಂಖ್ಯೆ ಮತ್ತು ಕಸ್ಟಮರ್ ಐಡಿ ಎರಡೂ ಬೇಕು. ಹಾಕಿದ್ರೆ ಹೆಸರು ಬರುತ್ತೆ, ಮೊತ್ತ ಹಾಕಿ ಕಟ್ಟೋದು, ಅಷ್ಟೇ. ನಾನು ಮೂರು ವರ್ಷದಿಂದ ತಿಂಗಳಿಗೆ 5,000 ಆಟೋ ಡೆಬಿಟ್ ಇಟ್ಟಿದೀನಿ, 7ನೇ ತಾರೀಕು ತಾನಾಗೇ ಹೋಗುತ್ತೆ. ಅಂಚೆ ಕಚೇರಿಯ ಮುಖ ನೋಡಿಲ್ಲ.

ಒಂದು ವಿಷಯ: ಮನೆಯಲ್ಲೇ ಕೂತು ಮೊಬೈಲಲ್ಲಿ ತೆರೆಯೋ ಐಪಿಪಿಬಿ ಡಿಜಿಟಲ್ ಖಾತೆ ಒಂದು ವರ್ಷಕ್ಕೆ ಮಾತ್ರ. ಅಷ್ಟರೊಳಗೆ ಬೆರಳಚ್ಚು ಕೊಟ್ಟು ಪೂರ್ತಿ ಕೆವೈಸಿ ಮಾಡಿಸಬೇಕು. ಇಲ್ಲಾಂದ್ರೆ ಅದು ಮುಚ್ಚಿ ಹೋಗುತ್ತೆ, ಆಟೋ ಡೆಬಿಟ್ಟೂ ಜೊತೆಗೆ.

ಕೌಂಟರ್_ಬಿಟ್ಟವ · 3 ಮಾರ್ಚ್, ಬೆಳಿಗ್ಗೆ 6:20

ಅಂಚೆ ಕೌಂಟರಿನ ಒಳಗೆ ಕೂತು ನಿವೃತ್ತನಾದವನು ನಾನು. ಆನ್‌ಲೈನ್ ವಿಷಯ ಆಮೇಲೆ ನೋಡೋಣ ತಾಯಿ, ಮೊದಲು ಪಾಸ್‌ಬುಕ್‌ನ ಮೊದಲ ಪುಟ ನೋಡಿ. ಗಾರ್ಡಿಯನ್ ಜಾಗದಲ್ಲಿ ಯಾರ ಹೆಸರಿದೆ? ನಿಮ್ಮ ಮಾವನವರದೇ ಇದ್ದರೆ ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಅಜ್ಜ-ಅಜ್ಜಿ ಮೊಮ್ಮಗಳ ಹೆಸರಿಗೆ ದುಡ್ಡು ಕೊಡಬಹುದು, ತಪ್ಪೇನಿಲ್ಲ. ಆದರೆ ಗಾರ್ಡಿಯನ್ ಆಗಬೇಕಾದವರು ತಂದೆ ಅಥವಾ ತಾಯಿ, ಅವರಿಲ್ಲದಿದ್ದರೆ ಕೋರ್ಟು ನೇಮಿಸಿದವರು. ಆಗಿನ ಕಾಲದಲ್ಲಿ ಎಷ್ಟೋ ಕಡೆ ಅಜ್ಜಂದಿರ ಹೆಸರಲ್ಲೇ ತೆರೆದುಬಿಟ್ಟಿದ್ದಾರೆ. ಅಂಥ ಖಾತೆಗಳ ಗಾರ್ಡಿಯನ್‌ಶಿಪ್ಪನ್ನು ತಂದೆ-ತಾಯಿಗೆ ವರ್ಗಾಯಿಸಲೇಬೇಕು ಎಂದು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದು ಆ್ಯಪ್‌ನಲ್ಲಿ ಆಗುವ ಕೆಲಸವಲ್ಲ. ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಆಧಾರ್ ಮತ್ತು ಪ್ಯಾನ್, ಹಳೆಯ ಗಾರ್ಡಿಯನ್ನಿನ ಸಹಿ, ಇಷ್ಟು ಹಿಡಿದುಕೊಂಡು ಖಾತೆ ಇರುವ ಕಚೇರಿಗೇ ಹೋಗಬೇಕು. ಮೊಬೈಲ್ ನಂಬರನ್ನೂ ಅದೇ ಹೊತ್ತಿಗೆ ಬದಲಾಯಿಸಿ. ಓಟಿಪಿ ತಾನಾಗಿ ನಿಮ್ಮ ಕಡೆ ಬರುತ್ತದೆ.

ಎರಡನೆಯದು. ಖಾತೆಗೆ ಆಧಾರ್ ಕೊಟ್ಟಿದ್ದಾರಾ ಕೇಳಿ. 2023ರ ಸೆಪ್ಟೆಂಬರ್ 30ರೊಳಗೆ ಕೊಡದ ಹಳೆಯ ಖಾತೆಗಳನ್ನು ತಡೆಹಿಡಿಯಲು ಆದೇಶವಿತ್ತು.

ಮೂರನೆಯದು, 2034 ಅಲ್ಲ. ಮಗಳಿಗೆ 21 ಆದಾಗ ಅಲ್ಲ, ಖಾತೆಗೆ 21 ಆದಾಗ. 2016ರ ಜೂನ್ ಎಂದರೆ ಮುಗಿಯುವುದು 2037ರ ಜೂನ್‌ಗೆ. ನೀವು ಕಟ್ಟುವುದು ಮಾತ್ರ 15 ವರ್ಷ, 2031ರ ಜೂನ್ ತನಕ. ಕೊನೆಯ ಆರು ವರ್ಷ ಕಟ್ಟುವಂತಿಲ್ಲ, ಬಡ್ಡಿ ಬೆಳೆಯುತ್ತಿರುತ್ತದೆ.

ಸಂಬಳದ_ಹಿಂದೆ · 3 ಮಾರ್ಚ್, ಬೆಳಿಗ್ಗೆ 8:51

ಏನು, ಖಾತೆಗೆ 21 ಆದಾಗಾ?? ನಾನು ಮಗಳಿಗೆ ಒಂಬತ್ತು ತುಂಬಿದ ಮೇಲೆ ತೆರೆದಿದ್ದು ಸ್ವಾಮಿ. ಹಾಗಾದ್ರೆ ಅವಳಿಗೆ ಮೂವತ್ತಾಗಬೇಕಾ?

ಕೌಂಟರ್_ಬಿಟ್ಟವ · 3 ಮಾರ್ಚ್, ಬೆಳಿಗ್ಗೆ 9:10

ಹೌದು. ಹತ್ತು ತುಂಬುವ ಮೊದಲು ಎಂದು ನಿಯಮ ಇರುವುದರಿಂದ ಎಷ್ಟೋ ಜನ ಕೊನೇ ಗಳಿಗೆಯಲ್ಲಿ ಓಡಿಬರುತ್ತಿದ್ದರು. ಗಾಬರಿಯಾಗಬೇಡಿ. ಓದಿಗೆ ಬೇಕಾದರೆ ಅವಳಿಗೆ 18 ಆದಮೇಲೆ ಅಥವಾ ಹತ್ತನೇ ತರಗತಿ ಪಾಸಾದಮೇಲೆ, ಹಿಂದಿನ ಮಾರ್ಚ್ ಕೊನೆಗೆ ಇದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. 18 ದಾಟಿದ ಮೇಲೆ ಮದುವೆಯಾದರೆ ಖಾತೆಯನ್ನೇ ಮುಗಿಸಬಹುದು, ಮದುವೆಗೆ ಒಂದು ತಿಂಗಳ ಮುಂಚಿನಿಂದ ಮದುವೆಯಾದ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು.

ಇನ್ನೊಂದು, ನಿಮ್ಮ ಆ 7ನೇ ತಾರೀಕು ಕಣ್ಣಿಗೆ ಚುಚ್ಚುತ್ತಿದೆ. ಯಾಕೆ 7?

ಸಂಬಳದ_ಹಿಂದೆ · 3 ಮಾರ್ಚ್, ಬೆಳಿಗ್ಗೆ 9:14

ಸಂಬಳ ಒಂದಕ್ಕೆ, ಬಾಡಿಗೆ ಐದಕ್ಕೆ, ಉಳಿದಿದ್ದು ಏಳಕ್ಕೆ 😅

ಲೆಕ್ಕದಮ್ಮ · 3 ಮಾರ್ಚ್, ಮಧ್ಯಾಹ್ನ 1:33

ಅದಕ್ಕೆ ನಾನು ಉತ್ತರ ಕೊಡ್ತೀನಿ, ಈ ಗುಂಡಿಗೆ ನಾನೂ ಬಿದ್ದವಳೇ. ಸುಕನ್ಯಾದಲ್ಲಿ ಆ ತಿಂಗಳ ಬಡ್ಡಿ ಲೆಕ್ಕ ಹಾಕೋದು 5ನೇ ತಾರೀಕಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಇದ್ದ ಅತಿ ಕಡಿಮೆ ಮೊತ್ತದ ಮೇಲೆ. 7ಕ್ಕೆ ಹೋದ ನಿಮ್ಮ 5,000ಕ್ಕೆ ಆ ತಿಂಗಳು ಸೊನ್ನೆ. 2024ರ ಜನವರಿಯಿಂದ ದರ ಶೇ. 8.2 ಇದೆ. 5,000ಕ್ಕೆ ತಿಂಗಳ ಬಡ್ಡಿ 34 ರೂಪಾಯಿ ಚಿಲ್ಲರೆ. ಹನ್ನೆರಡು ಕಂತಿಗೆ ವರ್ಷಕ್ಕೆ 410. ಎರಡು ದಿನ ಹಿಂದೆ ತಂದರೆ ಬಿಟ್ಟಿ ಸಿಗೋ ದುಡ್ಡು ಇದು.

ಅದೇ 60,000ನ್ನು ಏಪ್ರಿಲ್ 5ರೊಳಗೆ ಒಟ್ಟಿಗೆ ಕಟ್ಟಿದರೆ ಆ ವರ್ಷ ಅದರ ಮೇಲೆ 4,920 ಬಡ್ಡಿ. ತಿಂಗಳು ತಿಂಗಳು 5ರೊಳಗೆ ಕಟ್ಟಿದರೆ 2,665. ಆದರೆ ಏಪ್ರಿಲ್‌ನಲ್ಲಿ 60,000 ಯಾರ ಮನೇಲಿ ಕೂತಿರುತ್ತೆ? ಅದೇ ತಿಂಗಳು ಶಾಲೆ ಫೀಸು ಬಾಯಿ ತೆರೆದಿರುತ್ತೆ. ಹಾಗಾಗಿ ತಿಂಗಳ ಕಂತೇ ಸರಿ. 5 ಅಂತ ಇಟ್ಟು ಸರ್ವರ್ ನಂಬಿ ಕೂರೋ ಬದಲು 2 ಅಂತ ಇಡಿ.

ಸಂಬಳದ_ಹಿಂದೆ · 3 ಮಾರ್ಚ್, ಮಧ್ಯಾಹ್ನ 1:40

ಬದಲಾಯಿಸಿದೆ. ಬಾಡಿಗೆ ಏಳಕ್ಕೆ ಹೋಯ್ತು. ಮನೆ ಮಾಲೀಕರಿಗೆ ಈ ಪುಟ ತೋರಿಸಬೇಡಿ.

ಧಾರವಾಡ_ಪೇಡೆ · 3 ಮಾರ್ಚ್, ಸಂಜೆ 7:02

ಮೂರನೇ ಮಹಡಿ ಅಕ್ಕಾರ, ನಮ್ಮ ಮನ್ಯಾಗೂ ಹಿಂಗ ಆಗಿತ್ರಿ. ಪಾಸ್‌ಬುಕ್ ಮ್ಯಾಲೆ ಅಜ್ಜನ ಹೆಸರು, ಅಜ್ಜ ತೀರಿಕೊಂಡ ಮ್ಯಾಲೆ ನಮಗ ಗೊತ್ತಾತು. ಸಹಿ ಮಾಡಾಕ ಅವರ ಇಲ್ಲಲ್ರಿ. ಮರಣ ಪ್ರಮಾಣಪತ್ರ, ಅಫಿಡವಿಟ್, ಮತ್ತೊಂದು ಮಗದೊಂದು ಅಂತ ನಾಕ ತಿಂಗಳ ಓಡ್ಯಾಡಿದ್ವಿ. ನಿಮ್ಮ ಮಾವನವರು ಅದಾರಲ್ಲ, ಮಂಡಿ ನೋವಿದ್ರೂ ಚಿಂತಿಲ್ಲ, ಆಟೋ ಮಾಡಿ ಒಮ್ಮೆ ಕರಕೊಂಡು ಹೋಗಿಬಿಡ್ರಿ. ತಡ ಮಾಡಬ್ಯಾಡ್ರಿ.

ಕೌಂಟರ್_ಬಿಟ್ಟವ · 3 ಮಾರ್ಚ್, ಸಂಜೆ 7:30

ಇವರ ಮಾತು ಕೇಳಿ. ಮತ್ತೆ ಆ ಎರಡು ವರ್ಷದ ವಿಚಾರ. ಪಾಸ್‌ಬುಕ್‌ನಲ್ಲಿರುವ ಜಮೆಯ ತಾರೀಕುಗಳನ್ನು ಮಾತ್ರ ಇಲ್ಲಿ ಹಾಕುತ್ತೀರಾ? ಖಾತೆ ಸಂಖ್ಯೆ, ಹೆಸರು, ಫೋಟೊ ಏನೂ ಬೇಡ.

ಮೂರನೇ_ಮಹಡಿ · 3 ಮಾರ್ಚ್, ರಾತ್ರಿ 9:55

ಹೌದು, ಗಾರ್ಡಿಯನ್ ಮಾವನೇ. ಎದೆ ಧಸಕ್ ಅಂತು.

ತಾರೀಕುಗಳು: 2016 ಜೂನ್ 14 (ತೆರೆದದ್ದು). 2017 ಮಾರ್ಚ್ 30. 2018 ಮಾರ್ಚ್ 19. 2019 ಏಪ್ರಿಲ್ 8. 2020 ಜುಲೈ 6 (ಆ ವರ್ಷ ಹಬ್ಬದ ದಿನವೇ ಲಾಕ್‌ಡೌನ್, ಹೋಗೋಕಾಗಿರಲಿಲ್ಲ). 2021 ಏಪ್ರಿಲ್ 15. 2022 ಏಪ್ರಿಲ್ 4. 2023 ಮಾರ್ಚ್ 23. ಎಲ್ಲದರಲ್ಲೂ 5,000. 2019ರಲ್ಲಿ ಮಾತ್ರ 50 ರೂಪಾಯಿ ಬೇರೆ ಅಂತ ಮಾವ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರ್ಕೊಂಡಿದಾರೆ. ಯಾಕೆ ಅಂತ ಅವರಿಗೂ ನೆನಪಿಲ್ಲ.

ಕೌಂಟರ್_ಬಿಟ್ಟವ · 3 ಮಾರ್ಚ್, ರಾತ್ರಿ 10:31

ಸಿಕ್ಕಿತು ನೋಡಿ! ನಿಮ್ಮ ಮಾವ ವರ್ಷ ಎಣಿಸಿದ್ದು ಪಂಚಾಂಗದ ಲೆಕ್ಕದಲ್ಲಿ, ಖಾತೆ ಎಣಿಸುವುದು ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರ ಲೆಕ್ಕದಲ್ಲಿ. ಯುಗಾದಿ ಒಂದು ವರ್ಷ ಮಾರ್ಚ್‌ಗೆ ಬರುತ್ತದೆ, ಒಂದು ವರ್ಷ ಏಪ್ರಿಲ್‌ಗೆ ಹೋಗುತ್ತದೆ. 2018ರ ಮಾರ್ಚ್‌ನಲ್ಲಿ ಕಟ್ಟಿದ್ದು 2017-18ಕ್ಕೆ. ಮುಂದಿನದು 2019ರ ಏಪ್ರಿಲ್, ಅದು 2019-20ಕ್ಕೆ. ನಡುವಿನ 2018-19ರಲ್ಲಿ ಒಂದು ರೂಪಾಯಿಯೂ ಇಲ್ಲ. ಖಾತೆ ಡಿಫಾಲ್ಟ್ ಆಗಿದೆ. ಕೌಂಟರಿನವರು ಆ 50 ದಂಡ ಹಿಡಿದು ಸರಿಮಾಡಿಕೊಟ್ಟಿದ್ದಾರೆ. ಪೆನ್ಸಿಲ್ ಗುರುತು ಅದೇ.

ಈಗ 2022-23 ನೋಡಿ. 2022ರ ಏಪ್ರಿಲ್ 4, 2023ರ ಮಾರ್ಚ್ 23, ಎರಡು ಕಂತೂ ಒಂದೇ ವರ್ಷಕ್ಕೆ ಬಿದ್ದಿವೆ. 2024ರ ಯುಗಾದಿ ಏಪ್ರಿಲ್ 9. ಅವರು ಆಗ ಕಟ್ಟಿದ್ದು ನಿಜವಾದರೆ ಅದು 2024-25ರ ಬಾಬ್ತು, 2023-24 ಮತ್ತೆ ಖಾಲಿ. ಎರಡು ವರ್ಷವಲ್ಲ, ಒಂದು ವರ್ಷ ತಪ್ಪಿರಬೇಕು. ಅದನ್ನೂ ಆಗಲೇ ಹಿಡಿದಿರಬಹುದು.

ಸರಿಮಾಡಲು ತಪ್ಪಿದ ಪ್ರತಿ ವರ್ಷಕ್ಕೆ ಕನಿಷ್ಠ ಕಂತು 250, ಜೊತೆಗೆ 50 ದಂಡ. 15 ವರ್ಷ ತುಂಬುವುದರೊಳಗೆ ಯಾವಾಗ ಬೇಕಾದರೂ ಕಟ್ಟಬಹುದು. ದಂಡ ದೊಡ್ಡದಲ್ಲ. ಆದರೆ ಆನ್‌ಲೈನ್‌ಗೆ ಹೋಗುವ ಮುಂಚೆ ಕೌಂಟರಿನಲ್ಲಿ ಇದನ್ನು ಮುಗಿಸಿಕೊಂಡೇ ಬನ್ನಿ.

ಲೆಕ್ಕದಮ್ಮ · 3 ಮಾರ್ಚ್, ರಾತ್ರಿ 10:48

ಅಬ್ಬಾ! ಇದು ನನಗೂ ಹೊಳೆದಿರಲಿಲ್ಲ. ತಮಾಷೆ ಅಂದ್ರೆ, ಮಾರ್ಚ್ 23ಕ್ಕೆ ಕಟ್ಟಿದರೂ ಮುಂದಿನ ಏಪ್ರಿಲ್ 3ಕ್ಕೆ ಕಟ್ಟಿದರೂ ಬಡ್ಡಿಯಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ, ಎರಡಕ್ಕೂ ಬಡ್ಡಿ ಓಡೋದು ಏಪ್ರಿಲ್‌ನಿಂದಲೇ. ಜಮೆ ಯಾವ ವರ್ಷಕ್ಕೆ ಸೇರುತ್ತೆ ಅನ್ನೋದಷ್ಟೇ ಬೇರೆ. ಮಾವ ನಿಜಕ್ಕೂ ಬಡ್ಡಿ ಕಳ್ಕೊಂಡಿದ್ದು 2020ರ ಜುಲೈ 6 ಬಿಟ್ಟರೆ 2021ರ ಏಪ್ರಿಲ್ 15ರಲ್ಲಿ, ಅದೂ ಒಂದೇ ತಿಂಗಳದ್ದು.

ಕುಡ್ಲದ_ಅಪ್ಪ · 4 ಮಾರ್ಚ್, ಬೆಳಿಗ್ಗೆ 7:15

ಅಂಚೆ ಕಚೇರಿ ಸಹವಾಸವೇ ಬೇಡ ಮಾರಾಯ್ರೇ, ಬ್ಯಾಂಕಿಗೆ ವರ್ಗಾಯಿಸಿಬಿಡಿ. ನನ್ನದು ಬ್ಯಾಂಕಿನಲ್ಲಿ ಉಂಟು. ನೆಟ್‌ಬ್ಯಾಂಕಿಂಗ್ ತೆರೆದರೆ ನನ್ನ ಉಳಿತಾಯ ಖಾತೆಯ ಕೆಳಗೇ ಮಗಳದ್ದು ಕಾಣ್ತದೆ, ಸ್ಟೇಟ್‌ಮೆಂಟ್ ಕೂಡ ಅಲ್ಲಿಯೇ.

ಧಾರವಾಡ_ಪೇಡೆ · 4 ಮಾರ್ಚ್, ಬೆಳಿಗ್ಗೆ 8:40

ಬ್ಯಾಂಕಿಗೆ ಹಾಕೂದು ಸಸಾರ ಅಲ್ರಿ. ನಾವು ಒಂದು ಬ್ಯಾಂಕಿಗೆ ಹಾಕಿದ್ವಿ, ಅಂಚೆಯವರು ಚೆಕ್ಕು, ಕಾಗದ ಎಲ್ಲಾ ಕಳಿಸಿದ್ರು. ಆ ಬ್ಯಾಂಕಿನವರು ಹಳೇ ಖಾತೆ ತೆರೆದ ತಾರೀಕು ಬಿಟ್ಟು ತಮ್ಮ ಕಡೆ ತೆರೆದ ತಾರೀಕು ಹಾಕಿಬಿಟ್ಟಿದ್ರು. ಐದು ವರ್ಷ ಗೋವಿಂದ ಆಗ್ತಿತ್ತು! ನೆಟ್‌ಬ್ಯಾಂಕಿಂಗ್‌ನ್ಯಾಗ ಮುಗಿಯೋ ತಾರೀಕು ನೋಡಿದ್ದಕ್ಕ ಬಚಾವ್ ಆದ್ವಿ. ವರ್ಗಾವಣೆ ಮಾಡಿಸಿದ್ರ ಮೊದಲ ದಿನಾನ ಆ ತಾರೀಕು ನೋಡ್ಕೋರಿ.

ಕೌಂಟರ್_ಬಿಟ್ಟವ · 4 ಮಾರ್ಚ್, ಬೆಳಿಗ್ಗೆ 9:02

ವಿಳಾಸ ಬದಲಾಗಿದ್ದಕ್ಕೆ ದಾಖಲೆ ಕೊಟ್ಟರೆ ವರ್ಗಾವಣೆ ಉಚಿತ, ಇಲ್ಲದಿದ್ದರೆ 100 ರೂಪಾಯಿ. ಆದರೆ ಇವರ ಖಾತೆಯಲ್ಲಿ ಗಾರ್ಡಿಯನ್ನೇ ತಪ್ಪಿರುವಾಗ ಈಗಲೇ ವರ್ಗಾಯಿಸುವುದು ಬೇಡ. ಗೊಂದಲವನ್ನೂ ಜೊತೆಗೆ ಕಟ್ಟಿ ಕಳಿಸಿದ ಹಾಗಾಗುತ್ತದೆ.

ಇಬ್ಬರು_ರಾಜಕುಮಾರರು · 4 ಮಾರ್ಚ್, ಮಧ್ಯಾಹ್ನ 12:20

ಗಂಡು ಮಕ್ಕಳಿರೋರು ಏನು ಮಾಡ್ಬೇಕು? ಯಾವಾಗ ನೋಡಿದ್ರೂ ಸುಕನ್ಯಾ, ಸುಕನ್ಯಾ 😐

ಲೆಕ್ಕದಮ್ಮ · 4 ಮಾರ್ಚ್, ಮಧ್ಯಾಹ್ನ 2:11

ಮಗನ ಹೆಸರಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ತೆರೆಯಬಹುದು, ಬಡ್ಡಿ ದರ ಶೇ. 7.1. ಆದರೆ ನಿಮ್ಮದು ಮತ್ತು ನೀವು ಗಾರ್ಡಿಯನ್ ಆಗಿರುವ ಮಗನದು ಸೇರಿ ವರ್ಷಕ್ಕೆ 1.5 ಲಕ್ಷ ದಾಟುವಂತಿಲ್ಲ. ಎನ್‌ಪಿಎಸ್ ವಾತ್ಸಲ್ಯ ಅಂತ 2024ರ ಸೆಪ್ಟೆಂಬರ್‌ನಲ್ಲಿ ಬಂತು, ಅದು ಪಿಂಚಣಿಯ ದಾರಿ, ಮಾರುಕಟ್ಟೆಯ ಏರಿಳಿತ ಇದ್ದೇ ಇರುತ್ತೆ. ಉಳಿದದ್ದಕ್ಕೆ ಬೇರೆ ಎಳೆ ಶುರುಮಾಡಿ, ಇಲ್ಲಿ ಸಿಕ್ಕುಸಿಕ್ಕಾಗುತ್ತೆ.

ಬಿಕಾಂ_ಎರಡನೇ_ವರ್ಷ · 4 ಮಾರ್ಚ್, ರಾತ್ರಿ 11:36

ನಾನು ಮಗಳ ಕಡೆಯಿಂದ ಮಾತಾಡ್ತೀನಿ. ನನ್ನ ಖಾತೆ ತೆರೆದಿದ್ದು 2015ರಲ್ಲಿ, ಯೋಜನೆ ಬಂದ ವರ್ಷವೇ. ಕಳೆದ ವರ್ಷ ನನಗೆ 18 ಆಯ್ತು. 18 ಆದಮೇಲೆ ಖಾತೆ ನಡೆಸೋದು ನಾನೇ, ಅಪ್ಪ ಅಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಎಂದಿನ ಹಾಗೆ ಮೊಬೈಲಲ್ಲಿ ಕಟ್ಟುತ್ತಾ ಇದ್ದರು, ದುಡ್ಡು ಹೋಗ್ತಾನೂ ಇತ್ತು. ಹಾಕೋದಕ್ಕೆ ಯಾರೂ ಏನೂ ಕೇಳಲ್ಲ!

ಕಾಲೇಜ್ ಫೀಸಿಗೆ ತೆಗೆಯೋಣ ಅಂತ ಹೋದಾಗ ನಿಂತಿತು. ನನ್ನ ಆಧಾರ್, ನನ್ನ ಪ್ಯಾನ್, ನನ್ನ ಸಹಿ, ನನ್ನ ಫೋಟೊ. ನನ್ನ ಹತ್ತಿರ ಪ್ಯಾನ್ ಇರಲೇ ಇಲ್ಲ. ಅದಾಗುವಷ್ಟರಲ್ಲಿ ಫೀಸ್ ಕಟ್ಟೋ ದಿನ ಮುಗಿದು ಅಪ್ಪ ಕೈಸಾಲ ಮಾಡಿದ್ರು. ಖಾತೆಯಲ್ಲಿ ನನ್ನದೇ ದುಡ್ಡು ಇತ್ತು.

ತೆಗೆಯುವಾಗ ಕಾಲೇಜಿನ ಪ್ರವೇಶ ಪತ್ರ, ಫೀಸ್ ಚೀಟಿ ಕೇಳ್ತಾರೆ. ಅರ್ಧದವರೆಗೆ ಅಂದ್ರೂ ಫೀಸ್ ಎಷ್ಟೋ ಅಷ್ಟೇ ಕೊಡೋದು. ವರ್ಷಕ್ಕೆ ಒಂದೇ ಸಲ, ಹಾಗೆ ಐದು ವರ್ಷದವರೆಗೆ ತೆಗೆಯಬಹುದು.

ಮೂರನೇ_ಮಹಡಿ · 5 ಮಾರ್ಚ್, ಬೆಳಿಗ್ಗೆ 7:48

ತಂಗಿ, ಇದನ್ನ ಬರೆದಿದ್ದು ಬಹಳ ಒಳ್ಳೇದಾಯ್ತು. ನಮ್ಮವಳಿಗೆ 18 ಆಗೋದು 2031ಕ್ಕೆ, ಕಟ್ಟೋದು ಮುಗಿಯೋದೂ ಅದೇ ವರ್ಷ. ಅಂದ್ರೆ ನಾನು ಕಟ್ಟಿ ಮುಗಿಸೋ ಹೊತ್ತಿಗೆ ಕೀಲಿ ಅವಳ ಕೈಗೆ. ಯಜಮಾನರಿಗೆ ಹೇಳಿದೆ, "ಅವಳು ಬೈಕ್ ತಗೊಂಡ್ರೆ?" ಅಂದ್ರು 😄

ಕೌಂಟರ್_ಬಿಟ್ಟವ · 5 ಮಾರ್ಚ್, ಬೆಳಿಗ್ಗೆ 8:05

2037ರಲ್ಲಿ ತೆಗೆದುಕೊಳ್ಳಲಿ ಬಿಡಿ, ಅವಳದೇ ದುಡ್ಡು.

ಕುಡ್ಲದ_ಅಪ್ಪ · 5 ಮಾರ್ಚ್, ಬೆಳಿಗ್ಗೆ 8:30

ತೆರಿಗೆ ವಿಷಯ ಯಾರೂ ಹೇಳಲಿಲ್ಲ. ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಕಟ್ಟಿದ ದುಡ್ಡಿಗೆ ತೆರಿಗೆ ಕಡಿತ ಸಿಗ್ತದೆ. ಹೊಸ ಪದ್ಧತಿಯಲ್ಲಿ ಅದು ಇಲ್ಲ, ಬಡ್ಡಿಗೆ ಮಾತ್ರ ಎರಡರಲ್ಲೂ ತೆರಿಗೆ ಇಲ್ಲ. ವರ್ಷಕ್ಕೆ 1.5 ಲಕ್ಷಕ್ಕಿಂತ ಹೆಚ್ಚು ಹಾಕಿದರೆ ಹೆಚ್ಚಾದದ್ದಕ್ಕೆ ಬಡ್ಡಿ ಇಲ್ಲ, ವಾಪಸ್ ಬರ್ತದೆ. ಅಪ್ಪ ಒಂದು ಕಡೆ ಆಟೋ ಡೆಬಿಟ್, ಅಮ್ಮ ಇನ್ನೊಂದು ಕಡೆ ಆಟೋ ಡೆಬಿಟ್ ಇಟ್ಟರೆ ಹೀಗೆ ಆಗುವುದುಂಟು.

ಅಂಗನವಾಡಿ_ಹಾದಿ · 5 ಮಾರ್ಚ್, ಸಂಜೆ 5:17

ಒಂದು ಮಾತು ಸೇರಿಸ್ತೀನಿ. ರಾಜ್ಯ ಸರ್ಕಾರದ ಭಾಗ್ಯಲಕ್ಷ್ಮಿ ಯೋಜನೆಯಲ್ಲಿ 2020-21ರಿಂದ ಅಂಚೆ ಕಚೇರಿಯಲ್ಲಿ ಸುಕನ್ಯಾ ಖಾತೆಯನ್ನೇ ಮಾಡಿಸ್ತಾರೆ. ಅದು ಗೊತ್ತಿಲ್ಲದೆ ಬ್ಯಾಂಕಿನಲ್ಲಿ ಇನ್ನೊಂದು ತೆರೆದು ಪೇಚಿಗೆ ಸಿಕ್ಕಿಕೊಂಡವರನ್ನ ನೋಡಿದೀನಿ. ಒಂದು ಹುಡುಗಿಗೆ ಒಂದೇ ಖಾತೆ. ಮತ್ತೆ ವಾಟ್ಸಾಪ್‌ನಲ್ಲಿ "ಬೇಟಿ ಬಚಾವೋ ಫಾರಂ ತುಂಬಿದ್ರೆ 2 ಲಕ್ಷ" ಅಂತ ಬರುತ್ತಲ್ಲ, ಅದು ಶುದ್ಧ ಸುಳ್ಳು. ಮಗುವಿನ ಆಧಾರ್ ಯಾರಿಗೂ ಕಳಿಸಬೇಡಿ.

ಮೂರನೇ_ಮಹಡಿ · 18 ಮಾರ್ಚ್, ರಾತ್ರಿ 9:20

ಹೋಗಿ ಬಂದ್ವಿ! ಮಾವನನ್ನು ಆಟೋದಲ್ಲಿ ಕರ್ಕೊಂಡು ಹೋದ್ವಿ. ಕೌಂಟರ್‌ನಲ್ಲಿದ್ದ ಹುಡುಗ ಮಾವನನ್ನ ನೋಡಿ "ಯುಗಾದಿ ಇನ್ನೂ ಬಂದಿಲ್ವಲ್ಲ ತಾತ?" ಅಂದ.

ಕೌಂಟರ್ ಬಿಟ್ಟವರೇ, ನಿಮ್ಮ ಲೆಕ್ಕ ಅಕ್ಷರಶಃ ಸರಿ. 2024ರ ಏಪ್ರಿಲ್ 10ಕ್ಕೆ ಮಾವ ಕಟ್ಟಿದ್ದಾರೆ. 2023-24 ಖಾಲಿ ಇತ್ತು ಅಂತ ಆಗಲೇ 300 ಹಿಡಿದು ಸರಿಮಾಡಿದ್ದಾರೆ. ರಶೀದಿ ಮಾವನ ಕನ್ನಡಕದ ಡಬ್ಬಿಯಲ್ಲಿ ಮಡಚಿ ಇತ್ತು. ಆಧಾರ್ ಮೊದಲೇ ಕೊಟ್ಟಿದ್ರಂತೆ. ಗಾರ್ಡಿಯನ್ ಬದಲಾವಣೆಗೆ ಅರ್ಜಿ ಕೊಟ್ವಿ, ಮಾವ ಮೂರು ಕಡೆ ಸಹಿ ಹಾಕಿದ್ರು. ಎರಡನೇ ಸಹಿ ಹೊಂದಲಿಲ್ಲ ಅಂತ ಮತ್ತೆ ಹಾಕಿಸಿದ್ರು. 2016ರ ಕೈಗೂ ಈಗಿನ ಕೈಗೂ ವ್ಯತ್ಯಾಸ ಇರುತ್ತಲ್ಲ.

ಈಗ ನನ್ನ ಹೆಸರು, ನನ್ನ ನಂಬರ್. ಅಂಚೆ ಇಲಾಖೆಯ ಇ-ಪಾಸ್‌ಬುಕ್‌ನಲ್ಲಿ ಓಟಿಪಿ ಹಾಕಿ ಮಿನಿ ಸ್ಟೇಟ್‌ಮೆಂಟ್ ನೋಡ್ದೆ.

ಲೆಕ್ಕದಮ್ಮ · 18 ಮಾರ್ಚ್, ರಾತ್ರಿ 9:41

ಸೂಪರ್. ಮಾರ್ಚ್‌ನಲ್ಲಿ ಮತ್ತೆ ಕಟ್ಟೋಕೆ ಹೋಗಬೇಡಿ, 2024-25ರದ್ದು ಆಗಿದೆ. ಏಪ್ರಿಲ್ 1 ದಾಟಲಿ, 5ರ ಒಳಗೆ ಹಾಕಿ. ಈ ಸಲ ಯುಗಾದಿ ಮಾರ್ಚ್ 30, ಭಾನುವಾರ ಬೇರೆ.

ಮೂರನೇ_ಮಹಡಿ · 2 ಏಪ್ರಿಲ್, ರಾತ್ರಿ 8:15

ಇವತ್ತು ಮೊದಲ ಕಂತು ಆ್ಯಪ್‌ನಿಂದ ಹೋಯ್ತು. ಮಾವನ ಎದುರಿಗೇ ಕೂತು ಕಟ್ಟಿದೆ. ಅವರು ಫೋನ್ ತಿರುಗಿಸಿ ಮುರುಗಿಸಿ ನೋಡಿ "ಪಾಸ್‌ಬುಕ್ಕಲ್ಲಿ ಯಾರು ಬರೀತಾರೆ?" ಅಂದ್ರು. ಇನ್ನೊಂದು ಸಲ ಊರಿಗೆ ಬಂದಾಗ ಪ್ರಿಂಟ್ ಹಾಕಿಸ್ತೀನಿ ಅಂದೆ. ಒಪ್ಪಿಗೆ ಆಗಲಿಲ್ಲ. ಪೆನ್ಸಿಲ್ ತಗೊಂಡು ತಾವೇ ತಾರೀಕು, 5,000 ಅಂತ ಬರೆದು, ಪಕ್ಕದಲ್ಲಿ "ಮೊಬೈಲು" ಅಂತ ಹಾಕಿದ್ರು.

ಆಮೇಲೆ ಪಂಚಾಂಗ ತೆಗೆದು ನೋಡಿ ಹೇಳಿದ್ರು, ಮುಂದಿನ ಯುಗಾದಿ ಮಾರ್ಚ್ 19ಕ್ಕಂತೆ. "ಅವತ್ತು ನೀನು ಕಟ್ಟಬೇಡ, ನಾನೇ ನೆನಪು ಮಾಡ್ತೀನಿ, ಏಪ್ರಿಲ್‌ಗೆ ಕಟ್ಟು."